ಏರಿಯ ಮೇಲೆ ಅಪ್ಪನ ದನಿ

ನಮ್ಮೂರಿನಲ್ಲಿ ಸೈಕಲ್ಲು ಯಾರಿಗಾದರೂ ತಗುಲಿದರೆ ಜನ ಮೊದಲು ಮೊಣಕಾಲು ನೋಡಿಕೊಳ್ಳುವುದಿಲ್ಲ, ಗಂಟಲು ನೋಡಿಕೊಳ್ಳುತ್ತಾರೆ. ಬಿದ್ದವರೂ ಬೀಳಿಸಿದವರೂ ಎದ್ದು ನಿಂತು, ಬಟ್ಟೆಯ ಧೂಳು ಕೊಡವುವ ಮೊದಲೇ ಒಂದು ಸಲ ಕೆಮ್ಮಿ, ತಮ್ಮ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಹೆಸರು ತಮ್ಮದೇ ಇರುತ್ತದೆ, ದನಿ ಮಾತ್ರ ಎದುರಿನವರದು. ತಗುಲಿದ ಕ್ಷಣಕ್ಕೆ ಇಬ್ಬರ ದನಿಯೂ ಅದಲುಬದಲಾಗಿರುತ್ತದೆ. ಆಗ ಸವಾರ ಕೆಳಗಿಳಿದು, ಸೈಕಲ್ಲಿನ ಮುಂದಿನ ಚಕ್ರವನ್ನು ಮೆಲ್ಲಗೆ ತಳ್ಳಿ ಅದೇ ಮನುಷ್ಯನ ಕಾಲಿಗೆ ಇನ್ನೊಮ್ಮೆ ತಾಗಿಸುತ್ತಾನೆ. ದನಿಗಳು ಅವರವರ ಗಂಟಲಿಗೆ ವಾಪಸ್ಸು ಹೋಗುತ್ತವೆ. ಇದಕ್ಕೆ ನಾವು ದನಿ ತಿರುಗಿಸುವುದು ಎನ್ನುತ್ತೇವೆ. ಆಮೇಲೆ ಇಬ್ಬರೂ ಟೀ ಅಂಗಡಿಗೆ ಹೋಗಿ ಒಂದೊಂದು ಲೋಟ ಟೀ ಕುಡಿದು, ಮನೆಮಂದಿಯ ಯೋಗಕ್ಷೇಮ ವಿಚಾರಿಸಿ ತಮ್ಮ ದಾರಿ ಹಿಡಿಯುತ್ತಾರೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ಪಕ್ಕದೂರಿನಲ್ಲಿ ಸೈಕಲ್ ತಗುಲಿದರೆ ಕೊರಳಪಟ್ಟಿ ಹಿಡಿದು ಹೊಡೆದಾಡುತ್ತಾರಂತೆ. ಅದು ಯಾಕೆ ಹಾಗೆ ಎಂದು ಅವರನ್ನು ಯಾರು ಕೇಳಿದ್ದಾರೆ?

ಊರು ಕೆರೆಯ ಆಚೆ ಅರ್ಧ, ಈಚೆ ಅರ್ಧ. ಎರಡನ್ನೂ ಸೇರಿಸುವುದು ಕೆರೆಯ ಏರಿ. ಏರಿಯ ಮೇಲೆ ಇರುವುದು ಒಂದೇ ದಾರಿ, ಅದೂ ಇಕ್ಕಟ್ಟು. ಮೋಟಾರು ಗಾಡಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಉಳಿದವರೆಲ್ಲ ಇದ್ದಾರೆ: ಸೈಕಲ್ಲಿನವರು, ತರಕಾರಿ ಗಾಡಿ ತಳ್ಳುವವರು, ಸೊಪ್ಪಿನ ಹೊರೆ ಹೊತ್ತವರು, ಕೈಕೈ ಹಿಡಿದುಕೊಂಡು ದಾರಿಗೆ ಅಡ್ಡಲಾಗಿ ನಡೆಯುವ ಹೊಸ ಮದುವೆಯ ಜೋಡಿಗಳು, ಗಾಳಿ ಸೇವನೆಗೆಂದು ಬಂದು ನಟ್ಟನಡುವೆ ನಿಂತು ರಾಜಕೀಯ ಮಾತಾಡುವ ಯಜಮಾನರುಗಳು, ಇವರೆಲ್ಲರ ಕಾಲಸಂದಿಯಲ್ಲಿ ಮೇಕೆಗಳು. ಸಂಜೆಯಾದರೆ ಕಾಲಿಡಲು ಜಾಗವಿರುವುದಿಲ್ಲ. ನಡುವೆ ಗದ್ದೆಗೆ ನೀರು ಬಿಡುವ ತೂಬು ಇದೆ. ಅಲ್ಲಿ ಕಲ್ಲುಕಟ್ಟೆ ಮುಂದಕ್ಕೆ ಚಾಚಿಕೊಂಡಿರುವುದರಿಂದ ದಾರಿ ಇನ್ನೂ ಕಿರಿದು. ತೂಬಿನ ಹತ್ತಿರ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕೆಂಬುದು ಹುಟ್ಟಿದ ಮಗುವಿಗೂ ಗೊತ್ತು.

ಎಷ್ಟು ಜಾಗ್ರತೆಯಿದ್ದರೂ ತಗುಲುವುದು ತಗುಲುತ್ತದೆ. ಗಡಿಬಿಡಿಯಲ್ಲಿ ತಿರುಗಿಸದೆ ಹೋದವರು ಅನುಭವಿಸುತ್ತಾರೆ. ನಮ್ಮ ಹೈಸ್ಕೂಲಿನ ಹೆಡ್ಮಾಸ್ತರರು ಒಂದು ಇಡೀ ಪರೀಕ್ಷೆಯ ಕಾಲವನ್ನು ಹೂವಾಡಗಿತ್ತಿಯ ದನಿಯಲ್ಲಿ ಕಳೆದರು. ಅತ್ತ ಅವಳು "ಮೊಳ ಮಲ್ಲಿಗೇ" ಎಂದು ಕೂಗಿದರೆ ಬೀದಿಯ ಮಕ್ಕಳು ಓಡಿಹೋಗಿ ಪುಸ್ತಕ ಹಿಡಿಯುತ್ತಿದ್ದರು. ಕೆಳಪೇಟೆಯ ಒಂದು ಗಂಡ ಹೆಂಡತಿ ತಗುಲಿಸಿಕೊಂಡು, ಅದೇ ಚೆನ್ನಾಗಿದೆಯೆಂದು ಹಾಗೆಯೇ ಬಿಟ್ಟುಕೊಂಡರು. ಈಗ ಆ ಮನೆಯಲ್ಲಿ ಜಗಳವಾದರೆ ಯಾರು ಯಾರನ್ನು ಬೈಯುತ್ತಿದ್ದಾರೆಂದು ನೆರೆಯವರಿಗೆ ತಿಳಿಯುವುದಿಲ್ಲ. ಅದೂ ಒಂದು ಅನುಕೂಲವೇ.

ಇಂಥ ಊರಿನಲ್ಲಿ ನಮ್ಮಪ್ಪ ಸೈಕಲ್ ಮೇಷ್ಟ್ರು. ಹೆಸರು ನಂಜರಾಜಯ್ಯ. ಊರಿನ ಮುಕ್ಕಾಲುಪಾಲು ಜನಕ್ಕೆ ಸೈಕಲ್ ಕಲಿಸಿದವನು ಅವನೇ. ಕಲಿಸಿದ್ದು ಕೈಯಿಂದಲ್ಲ, ದನಿಯಿಂದ. ಗುಡುಗಿನಂಥ ದನಿ. ಏರಿಯ ಈ ತುದಿಯಲ್ಲಿ ನಿಂತು "ಇಳಿಯೋ" ಎಂದರೆ ಆ ತುದಿಯಲ್ಲಿ ಹೋಗುತ್ತಿದ್ದವನು ತನಗೇ ಹೇಳಿದ್ದೆಂದು ಇಳಿದುಬಿಡುತ್ತಿದ್ದ. "ಬೆಲ್ಲು ದೂರದಿಂದ, ಬಾಯಿ ಹತ್ತಿರದಿಂದ" ಎಂಬುದು ಅವನ ಮೊದಲ ಪಾಠ. ಹತ್ತಿರ ಬಂದು ಬೆಲ್ ಬಾರಿಸಿದರೆ ನಡೆಯುವವರು ಬೆಚ್ಚಿ ಅಡ್ಡಾದಿಡ್ಡಿ ಹಾರುತ್ತಾರೆ. ಅದಕ್ಕೇ ದೂರದಿಂದ ಬೆಲ್ ಮಾಡಬೇಕು, ಹತ್ತಿರವಾದಾಗ ನಿಧಾನ ಮಾಡಿ "ಬಲಗಡೆ ಬರ್ತಾ ಇದೀನಿ" ಎಂದು ಬಾಯಲ್ಲಿ ಹೇಳಬೇಕು. ಎರಡನೆಯ ಪಾಠ, "ನಡೆಯೋನೇ ದೊಡ್ಡೋನು." ಮೂರನೆಯದು, "ತಗುಲಿದರೆ ನಿಲ್ಲು." ಇದನ್ನೆಲ್ಲ ನನಗೂ ಹೇಳಿಕೊಟ್ಟ. ಮನೆಯಲ್ಲೂ ಅದೇ ದನಿ. ಅಮ್ಮನನ್ನು ಅವನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. "ಇವಳೇ" ಎಂದರೆ ಮುಗಿಯಿತು, ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತಿರುತ್ತಿದ್ದಳು.

ಆ ಅಪ್ಪನಿಗೇ ಒಂದು ದಿನ ತಗುಲಿತು. ಮಾಗಿಯ ಚಳಿಗಾಲ, ಬೆಳಗಿನ ಹೊತ್ತು, ಮುಂಗೈ ಕಾಣದಷ್ಟು ಮಂಜು. ಅಪ್ಪ ಆ ದಿನ ನಡೆದು ಹೋಗುತ್ತಿದ್ದ. ಹಿಂದಿನಿಂದ ಬೆಲ್ಲೂ ಇಲ್ಲದೆ ಬಾಯೂ ಇಲ್ಲದೆ ಬಂದ ಸೈಕಲ್ಲೊಂದು ತೂಬಿನ ಹತ್ತಿರ ಅವನನ್ನು ಕೆಡವಿತು. ಮಣ್ಣಿನಲ್ಲಿ ಮುಖ ಅಡಿಯಾಗಿ ಬಿದ್ದಿದ್ದ ಅಪ್ಪನಿಗೆ ತನ್ನದೇ ದನಿ "ಅಯ್ಯೋ, ತಪ್ಪಾಯ್ತು" ಎಂದದ್ದು ಕೇಳಿಸಿತು. ಆ ದನಿ ಹುಟ್ಟಿದಾಗಿನಿಂದ ತಪ್ಪಾಯ್ತು ಎಂಬ ಮಾತನ್ನು ಆಡಿದ್ದು ಅದೇ ಮೊದಲು. ಅಪ್ಪ ಎದ್ದು ತಿರುಗುವಷ್ಟರಲ್ಲಿ ಸವಾರನೂ ಇಲ್ಲ, ಸೈಕಲ್ಲೂ ಇಲ್ಲ, ದನಿಯೂ ಇಲ್ಲ. ಮನೆಗೆ ಬಂದು ಬಾಯಿ ತೆರೆದರೆ ಬಂದದ್ದು ಒಂದು ಕೀರಲು ದನಿ. ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಇತ್ತು. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ, ಆಮೇಲೆ ಅತ್ತೆ.

ಊರೆಲ್ಲ ಹುಡುಕಿದೆವು. ಅಂಥ ದನಿಯನ್ನು ಮುಚ್ಚಿಡುವುದುಂಟೆ? ಬಾಯಿ ಬಿಟ್ಟರೆ ಸಾಕು, ಕಳ್ಳ ಸಿಕ್ಕಿಬೀಳಬೇಕು. ಆದರೆ ಯಾರ ಬಾಯಲ್ಲೂ ಅದು ಬರಲಿಲ್ಲ. ಅಪ್ಪ ಮೊದಮೊದಲು ಆ ಕೀರಲು ದನಿಯಲ್ಲೇ ಏರಿಯ ಮೇಲೆ ನಿಂತು ಕೂಗಿ ನೋಡಿದ. ಜನ ನಕ್ಕರು. ಪಾಠ ನಿಂತಿತು. ಮನೆಯಲ್ಲಿ ಅವನು ಮಾತಾಡಿದಾಗಲೆಲ್ಲ ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದಳು, ಅವಳ ಹೆಗಲು ಕುಲುಕುತ್ತಿತ್ತು. ಅವಳು ಅಳುತ್ತಿದ್ದಾಳೆಂದು ನಾನು ಹೊರಗೆ ಹೋಗಿಬಿಡುತ್ತಿದ್ದೆ. ಹೀಗೆ ಒಂದೆರಡು ವರ್ಷ ಬಾಳಿ ಅಪ್ಪ ತೀರಿಕೊಂಡ. ಬೇರೆಯವರ ದನಿಯಲ್ಲೇ ಕೊನೆಯ ನೀರು ಕೇಳಿದ. ಆ ದನಿಯೂ ಅವನ ಜೊತೆಗೇ ಚಿತೆಗೆ ಹೋಯಿತು.

ಅಂದಿನಿಂದ ಅಮ್ಮ ದಿನಾ ಬೆಳಿಗ್ಗೆ ಏರಿಯ ಮೇಲೆ ನಡೆಯತೊಡಗಿದಳು. ನಡೆಯುವುದೆಂದರೆ ನಡಿಗೆಯಲ್ಲ. ಮಾತಾಡುವವರ ಹತ್ತಿರ ನಿಂತು ಕಿವಿಗೊಡುವುದು, ಅಲ್ಲವೆಂದಾಗ ಮುಂದಕ್ಕೆ ಹೋಗುವುದು. ಕಾಲು ಸೋತಾಗ ತೂಬಿನ ಕಟ್ಟೆಯ ಮೇಲೆ, ಬೇಯಿಸಿದ ಕಡಲೆಕಾಯಿ ಮಾರುವ ಮೂಗಯ್ಯನ ಪಕ್ಕ ಕೂರುತ್ತಿದ್ದಳು. ಅವನಿಗೆ ಮಾತು ಬಾರದ್ದರಿಂದ ಮೂಗಯ್ಯ ಎಂದೇ ಊರಿಗೆಲ್ಲ ಪರಿಚಯ. ನಿಜವಾದ ಹೆಸರನ್ನು ಯಾರೂ ಕೇಳಿರಲಿಲ್ಲ, ಕೇಳಿದರೂ ಅವನು ಹೇಳುವುದು ಹೇಗೆ? ಅಮ್ಮ ಕೂತಾಗಲೆಲ್ಲ ಅವನು ಒಂದು ಹಿಡಿ ಕಡಲೆಕಾಯಿ ಹೆಚ್ಚಿಗೆ ಹಾಕಿಕೊಡುತ್ತಿದ್ದ. ಒಳ್ಳೆಯವನು ಪಾಪ ಎಂದು ನಾವು ಅಂದುಕೊಂಡಿದ್ದೆವು. ಅಮ್ಮ ಹುಡುಕುತ್ತಿರುವುದು ಅಪ್ಪನ ದನಿಯನ್ನೇ ಎಂಬುದರಲ್ಲಿ ಊರಿಗೂ ನನಗೂ ಅನುಮಾನವಿರಲಿಲ್ಲ. ಅವಳು ಕಣ್ಣು ಮುಚ್ಚುವ ಮುಂಚೆ ಅಪ್ಪನ ದನಿಯನ್ನು ಒಂದೇ ಒಂದು ಸಲ ಅವಳಿಗೆ ಕೇಳಿಸಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ನಾನೂ ದಿನಾ ಆಚೆ ದಡದ ಹೊಲಿಗೆ ಅಂಗಡಿಗೆ ಸೈಕಲ್ಲಿನಲ್ಲಿ ಹೋಗಿಬರುವಾಗ ಜನರ ಮಾತಿಗೆ ಕಿವಿ ಇಟ್ಟುಕೊಂಡೇ ಹೋಗುತ್ತಿದ್ದೆ.

ಅದು ಸಂತೆಯ ಸಂಜೆ. ನಾನು ಅಂಗಡಿಯಿಂದ ವಾಪಸ್ಸು ಬರುತ್ತಿದ್ದೆ. ತೂಬು ಇನ್ನೂ ನಾಲ್ಕು ಮಾರು ಮುಂದಿದೆ, ಅಲ್ಲಿ ಇಳಿದರಾಯಿತೆಂದು ನಿಧಾನವಾಗಿ ತುಳಿಯುತ್ತಿದ್ದೆ. ನನ್ನ ಮುಂದೆ ತಲೆಯ ಮೇಲೆ ಮಡಕೆ ಹೊತ್ತ ಹೆಂಗಸೊಬ್ಬಳು ಎಡಗಡೆ ಹೋಗುತ್ತಿದ್ದಳು. ದೂರದಿಂದ ಬೆಲ್ ಮಾಡಿದೆ. ಹತ್ತಿರ ಬಂದು "ಬಲಗಡೆ ಬರ್ತಾ ಇದೀನಮ್ಮ" ಎಂದೆ. ಬಲಗಡೆ ಎಂದು ಕೇಳಿದ ಕೂಡಲೇ ಆಯಮ್ಮ ಬಲಗಡೆಗೇ ಬಂದಳು. ಊರಿನ ಜನ ಇರುವುದೇ ಹಾಗೆ, ಎಷ್ಟು ವರ್ಷ ಪಾಠ ಮಾಡಿದರೇನು? ನಾನು ಬ್ರೇಕ್ ಅದುಮಿದೆ. ಕಟ್ಟೆಯ ಮೇಲಿಂದ ಮೂಗಯ್ಯ ಹಾರಿ ಬಂದು ಆಯಮ್ಮನ ರಟ್ಟೆ ಹಿಡಿದು ಆಚೆ ಎಳೆದ. ಮಡಕೆ ಉಳಿಯಿತು. ನನ್ನ ಹ್ಯಾಂಡಲ್ ಮಾತ್ರ ಅವನ ಮೊಣಕೈಗೆ ಒಂದಿಷ್ಟು ತಗುಲಿತು.

ಇಳಿದೆ. ಮೂಗನಿಗೆ ತಗುಲಿದರೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಅಂಥದ್ದು ಆಗಿರಲೂ ಇಲ್ಲ. ನನ್ನ ಮಾತು ಹೋಗಿಬಿಟ್ಟಿತೇನೋ ಎಂದುಕೊಂಡೆ. ಪದ್ಧತಿಯಂತೆ ಕೆಮ್ಮಿ, ಹೆಸರು ಹೇಳಿದೆ.

"ಚಂಪಕ."

ನನ್ನ ಬಾಯಿಂದ ಅಪ್ಪ ಮಾತಾಡಿದ.

ಅದೇ ದನಿ. ಅದೇ ಗುಡುಗು. ನನ್ನ ಎದೆಗೂಡೇ ಅದುರಿತು. ಏರಿಯ ಮೇಲೆ ಕಾಣುವಷ್ಟು ದೂರದವರೆಗೆ ಎಲ್ಲ ಸೈಕಲ್ಲುಗಳೂ ನಿಂತವು. ಸವಾರರೆಲ್ಲ ದಬದಬನೆ ಕೆಳಗಿಳಿದು ಹ್ಯಾಂಡಲ್ ಹಿಡಿದುಕೊಂಡು ಎಡಕ್ಕೆ ಸರಿದು ನಿಂತರು. ತಾವು ಯಾಕೆ ಇಳಿದೆವೆಂದು ಅವರಿಗೇ ತಿಳಿಯಲಿಲ್ಲ. ಕಾಲುಗಳಿಗೆ ಮಾತ್ರ ನೆನಪಿತ್ತು. ರಾಜಕೀಯ ಮಾತಾಡುತ್ತಿದ್ದ ಯಜಮಾನರೊಬ್ಬರು "ಮೇಷ್ಟ್ರು" ಎಂದು ಪಿಸುಗುಟ್ಟಿ ತಲೆಯ ಮೇಲಿದ್ದ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಸತ್ತ ಅಪ್ಪ ನನ್ನ ಗಂಟಲಲ್ಲಿ ಕೂತಿದ್ದಾನೆ, ನಾನು ಉಸಿರಾಡಲೂ ಹೆದರಿ ನಿಂತಿದ್ದೇನೆ.

ಮೂಗಯ್ಯ ಕಡಲೆಕಾಯಿಯ ಕುಕ್ಕೆಯನ್ನು ಅಲ್ಲೇ ಬಿಟ್ಟು ಜಾರಿಕೊಳ್ಳಲು ನೋಡಿದ. ನಾನು ಅವನ ಹೆಗಲಿನ ವಸ್ತ್ರ ಹಿಡಿದುಕೊಂಡೆ. ಅವನು ನನ್ನ ಮುಖ ನೋಡಿದ. ಆಮೇಲೆ ಇಷ್ಟು ವರ್ಷ ಮುಚ್ಚಿದ್ದ ಬಾಯನ್ನು ತೆರೆದು, ನನ್ನ ದನಿಯಲ್ಲಿ, "ತಪ್ಪಾಯ್ತು ಕಣವ್ವ" ಎಂದ.

ಮೂಗ ಮಾತಾಡಿದ್ದನ್ನು ಕಂಡ ಮಡಕೆಯ ಹೆಂಗಸು ಇಷ್ಟು ಹೊತ್ತು ಕಾಪಾಡಿದ್ದ ಮಡಕೆಯನ್ನು ಕೆಳಗೆ ಬಿಟ್ಟಳು.

ಸೈಕಲ್ಲನ್ನು ಕಟ್ಟೆಗೆ ಒರಗಿಸಿ ಅವನನ್ನು ಕೂರಿಸಿದೆ. ಸುತ್ತ ಜನ ಸೇರಿದರು. ಅವನು ನನ್ನ ದನಿಯಲ್ಲಿ, ತಲೆ ತಗ್ಗಿಸಿಕೊಂಡು ಹೇಳಿದ. ಅವನ ಹೆಸರು ಈರಭದ್ರ. ಆ ಮಂಜಿನ ಬೆಳಿಗ್ಗೆ ಅವನು ಊರಿಗೆ ಹೊಸಬ, ಕೆಲಸ ಹುಡುಕಿಕೊಂಡು ಬರುತ್ತಿದ್ದವನು. ಏರಿ ಖಾಲಿಯಿದೆಯೆಂದು ಜೋರಾಗಿ ತುಳಿದ.

"ಬಿದ್ದೋರನ್ನ ಎತ್ತೋಣ ಅಂತಲೇ ಬಾಯಿ ಬಿಟ್ಟೆ ಕಣವ್ವ. ಒಳಗಿಂದ ಗುಡುಗು ಬಂತು. ನಮ್ಮ ಕಡೆ ಇಂಥದ್ದೆಲ್ಲ ಇಲ್ಲ. ಯಾವ್ದೋ ದೆವ್ವ ಮೆಟ್ಕೊಂತು ಅಂತ ಹೆದರಿ ಓಡ್ದೆ. ಆಮೇಲೆ ಊರಲ್ಲಿ ತಿಳೀತು ಇದು ಯಾರ ದನಿ ಅಂತ. ಬಾಯಿ ಬಿಟ್ರೆ ಹಿಡ್ಕೊಂಡು ಹೊಡೀತಾರೆ. ಅದಕ್ಕೇ ಬಿಡ್ಲಿಲ್ಲ. ಇವತ್ತು ಹೋಗಿ ಕೊಟ್ಟುಬಿಡಾನ, ನಾಳೆ ಹೋಗಿ ಕೊಟ್ಟುಬಿಡಾನ ಅಂತಿದ್ದೆ. ಅಷ್ಟರಲ್ಲಿ ಮೇಷ್ಟ್ರು ಹೋಗ್ಬಿಟ್ರು."

"ನಿನ್ನ ದನಿ?" ಎಂದೆ. ಅಪ್ಪನ ದನಿ ಅದನ್ನು ಕೇಳಿದಾಗ ಅವನು ನಡುಗಿದ.

"ಅವರ ಜೊತೇಲೇ ಸುಟ್ಟೋಯ್ತು. ನಾನೂ ಬಂದಿದ್ದೆ ಸುಡುಗಾಡಿಗೆ. ದೂರ ನಿಂತಿದ್ದೆ."

ಅಮ್ಮ ದಿನಾ ಬೆಳಿಗ್ಗೆ ಊರೆಲ್ಲ ಕಿವಿಗೊಟ್ಟು, ಸೋತು, ಬಂದು ಕೂರುತ್ತಿದ್ದದ್ದು ಇವನ ಪಕ್ಕದಲ್ಲಿ. ಅವಳು ಹುಡುಕುತ್ತಿದ್ದ ದನಿ ಅವಳ ಮೊಣಕೈಗೆ ತಾಗುವಷ್ಟು ಹತ್ತಿರ, ಮುಚ್ಚಿದ ಬಾಯೊಳಗೆ ಇತ್ತು. ಅಮ್ಮನ ಸಂಕಟ ಬೆಟ್ಟದಷ್ಟಿತ್ತು, ಇವನು ಕೊಟ್ಟದ್ದು ಒಂದು ಹಿಡಿ ಕಡಲೆಕಾಯಿ. ಅವನ ಕೆನ್ನೆಗೆ ಬಾರಿಸಬೇಕೆಂದು ಕೈ ಎತ್ತಿದೆ. ಆದರೆ ಅವನ ಬಾಯಲ್ಲಿದ್ದದ್ದು ನನ್ನ ದನಿ. ಅದು ಅಳುತ್ತಿತ್ತು. ನಾನು ಅತ್ತರೆ ಹೀಗೆ ಕೇಳಿಸುತ್ತದೆಯೇ ಎಂದು ಎತ್ತಿದ ಕೈ ಹಾಗೆಯೇ ಇಳಿಯಿತು.

ಗುಂಪಿನಲ್ಲಿದ್ದ ಟೀ ಅಂಗಡಿಯ ಕೆಂಪರಾಜು, "ಮೊದ್ಲು ದನಿ ತಿರುಗಿಸ್ಕೊಳ್ಳಮ್ಮ. ಹೆಂಗಸ್ರಿಗೆ ಅದು ಭಾರ" ಎಂದ. ಟವೆಲ್ ತೆಗೆದಿದ್ದ ಯಜಮಾನರು, "ಸುಮ್ನಿರಯ್ಯ. ತಾಯಿಗೆ ಒಂದು ಸಲ ಕೇಳಿಸಿ ಬರ್ಲಿ. ಆಯಮ್ಮ ಎಷ್ಟು ವರ್ಷದಿಂದ ಅಲೀತಾ ಇದಾರೆ" ಎಂದರು.

ನಾನು ಅದನ್ನೇ ನಿಶ್ಚಯಿಸಿಯಾಗಿತ್ತು. ಸೈಕಲ್ ತಳ್ಳಿಕೊಂಡು ಹೊರಟೆ. ಈರಭದ್ರ ಬೇಡ ಬೇಡವೆಂದರೂ ಬಿಡದೆ ಜೊತೆಗೆ ಕರೆದುಕೊಂಡೆ. ಅವನಿಲ್ಲದೆ ದನಿ ತಿರುಗಿಸುವುದು ಹೇಗೆ? ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾತಾಡಿದರೆ ದನಿ ಸವೆದುಹೋದೀತೆಂಬ ಹುಚ್ಚು ಹೆದರಿಕೆ. ಅಮ್ಮನಿಗೆ ಏನು ಹೇಳಲಿ, ಯಾವ ಮಾತನ್ನು ಮೊದಲು ಆಡಲಿ ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಖುಷಿಯಲ್ಲಿ ಅವಳ ಎದೆ ಒಡೆದುಹೋದರೆ ಎಂಬ ಭಯವೂ ಇತ್ತು.

ಅಮ್ಮ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದಳು. ಮೊರದಲ್ಲಿ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ನಾನು ಗೇಟಿನ ಹತ್ತಿರವೇ ನಿಂತು, "ಅಮ್ಮ" ಎಂದೆ.

ಅವಳು ತಲೆಯೆತ್ತಲಿಲ್ಲ. ತಟ್ಟನೆ ಎದ್ದಳು. ಎದ್ದ ರಭಸಕ್ಕೆ ಮೊರ ಮಗುಚಿ ಅವರೆಬೇಳೆಯೆಲ್ಲ ಜಗಲಿಯ ತುಂಬ ಚೆಲ್ಲಿತು. ಸೆರಗು ಸರಿಮಾಡಿಕೊಂಡು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, "ಬಂದೆ, ಬಂದೆ. ಮುದ್ದೆ ಆಗಿದೆ, ಈಗ ತಟ್ಟೆ ಹಾಕ್ಬಿಟ್ಟೆ" ಎನ್ನುತ್ತ ಒಳಕ್ಕೆ ಎರಡು ಹೆಜ್ಜೆ ಇಟ್ಟಳು. ಅಲ್ಲೇ ನಿಂತಳು. ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು. ನಿಧಾನವಾಗಿ ತಿರುಗಿ ನೋಡಿದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಅಮ್ಮ, ನಾನು ಚಂಪಕ. ಹೆದರಬೇಡ" ಎಂದೆ. ಆ ದನಿಯಲ್ಲಿ ಹೆದರಬೇಡ ಎಂದರೂ ಹೆದರಿಸಿದ ಹಾಗೆಯೇ ಇತ್ತು. "ಅಪ್ಪನ ದನಿ ಸಿಕ್ತು ಅಮ್ಮ. ಕೇಳು. ಎಷ್ಟು ಬೇಕೋ ಅಷ್ಟು ಕೇಳು. ಏನು ಹೇಳ್ಲಿ ಹೇಳು, ಹೇಳ್ತೀನಿ."

ಅಮ್ಮ ಅಳಲಿಲ್ಲ, ನಗಲಿಲ್ಲ, ಹತ್ತಿರ ಬರಲಿಲ್ಲ. ಬೈಸಿಕೊಳ್ಳುವ ಸೊಸೆಯ ಹಾಗೆ ನೆಲ ನೋಡುತ್ತ ನಿಂತು, "ಸಾಕು ಕಣೆ. ಮಾತಾಡ್ಬೇಡ" ಎಂದಳು.

ನಾನು ಬೆಪ್ಪಾಗಿ ನಿಂತೆ. "ಇದನ್ನ ಹುಡುಕ್ಕೊಂಡೇ ಅಲ್ವಾ ನೀನು ದಿನಾ ಏರಿ ಮೇಲೆ ಅಲೀತಿದ್ದದ್ದು?"

"ಇದನ್ನ ಹುಡುಕ್ತಿದೀನಿ ಅಂತ ಯಾರು ನಿಂಗೆ ಹೇಳಿದ್ದು?"

"ಮತ್ತೆ?"

ಅಮ್ಮ ಮೆಲ್ಲಗೆ ಕೆಳಗೆ ಕೂತು, ಚೆಲ್ಲಿದ್ದ ಬೇಳೆಯನ್ನು ಒಂದೊಂದಾಗಿ ಆಯತೊಡಗಿದಳು. "ಈ ದನಿ ನನಗೆ ಗೊತ್ತಿಲ್ವಾ? ಮದುವೆಯಾದಾಗಿಂದ ಕೇಳಿದೀನಿ. ಇವಳೇ ನೀರು, ಇವಳೇ ಊಟ, ಇವಳೇ ಎಲ್ಲಿ ಸತ್ಯೋ. ಕೂತಿದ್ರೆ ಎದ್ದು ನಿಂತಿದೀನಿ, ಮಲಗಿದ್ರೂ ಎದ್ದು ನಿಂತಿದೀನಿ. ಈಗಲೂ ನೋಡು, ಎದ್ದುಬಿಟ್ಟೆ. ಇದನ್ನ ಯಾಕೆ ಹುಡುಕ್ಲಿ? ನಾನು ಹುಡುಕ್ತಿದ್ದದ್ದು ಆ ಕೀರಲು ದನೀನ ಕಣೆ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಅದು ಅಪ್ಪಂದು ಅಲ್ವಲ್ಲ ಅಮ್ಮ. ಅಪ್ಪ ಆ ದನೀಲಿ ಮಾತಾಡಿದ್ರೆ ನೀನು ಗೋಡೆಗೆ ಮುಖ ಮಾಡಿ ಅಳ್ತಿದ್ದೆ."

"ಅಳ್ತಿದ್ನಾ?" ಅಮ್ಮ ನನ್ನನ್ನು ಕನಿಕರದಿಂದ ನೋಡಿದಳು. "ನಗು ತಡೀಲಾರದೆ ಗೋಡೆ ಕಡೆ ತಿರುಗ್ತಿದ್ದೆ. ಆ ದನೀಲಿ ಗದರಿಸಿದ್ರೆ ಬೆಕ್ಕೂ ಹೆದರ್ತಿರಲಿಲ್ಲ. ಗದರೋದು ಬಿಟ್ಟು ಕೇಳೋದು ಕಲಿತ್ರು. ಒಂದು ಲೋಟ ನೀರು ಕೊಡ್ತೀಯಾ ಅಂತ ಕೇಳೋರು. ಒಂದು ದಿನ ನೀನು ಅಂಗಡಿಗೆ ಹೋಗಿದ್ದೆ. ಒಲೆ ಮುಂದೆ ಕೂತಿದ್ದೆ ನಾನು. ಹಿಂದಿಂದ ಬಂದು, ಪುಟ್ಟತಾಯಿ, ಅಂದ್ರು. ನನ್ನ ಹೆಸರು ಅವರಿಗೆ ಗೊತ್ತಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಗಿ ಗೋಡೆ ಕಡೆ ತಿರುಗ್ಬಿಟ್ಟೆ. ಆಮೇಲೆ ಅದೇ ಆಟ ಆಯ್ತು. ಅವರು ಕರೆಯೋದು, ನಾನು ತಿರುಗೋದು. ನೀನು ಮನೇಲಿದ್ರೆ ಬರೀ ಏನಾದ್ರೂ ನೆಪ ಮಾಡಿ ಮಾತಾಡೋರು, ನೀನು ಎದ್ದು ಹೊರಗೆ ಹೋದ್ಮೇಲೆ ಹೆಸರಿಡಿದು ಕರೆಯೋರು. ಮಗಳು ಸೂಕ್ಷ್ಮದೋಳು, ಬೇಕಂತ್ಲೇ ಎದ್ದು ಹೋಗ್ತಾಳೆ ಅಂದ್ಕೊಂಡಿದ್ದೆ."

ನಾನು ಜಗಲಿಯ ಮೆಟ್ಟಿಲ ಮೇಲೆ ಕೂತೆ. ಏರಿಯ ಮೇಲೆ ಅಪ್ಪನ ದನಿ ನನ್ನ ಗಂಟಲಿಗೆ ಬಂದಾಗಲೂ ಇಷ್ಟು ಬೆಚ್ಚಿರಲಿಲ್ಲ. ಒಂದೇ ಸೂರಿನ ಕೆಳಗಿದ್ದೂ ನನಗೆ ಅವರಿಬ್ಬರೂ ಗೊತ್ತಿರಲಿಲ್ಲವಲ್ಲ.

"ಆ ದನಿ ಹುಟ್ಟಿದ್ದು ಯಾರ ಬಾಯಲ್ಲೋ ಅಂತ ಯೋಚನೆ ಮಾಡ್ತಿದ್ದೆ," ಅಮ್ಮ ಹೇಳುತ್ತಲೇ ಇದ್ದಳು. "ಇವರ ಜೊತೆ ಅದೂ ಸುಟ್ಟೋಯ್ತು, ಗೊತ್ತು. ಆದ್ರೂ ಆ ದನಿಯೋನಿಗೆ ಅಣ್ಣನೋ ತಮ್ಮನೋ ಇದ್ದಾನು, ಅವನದ್ದೂ ಹಂಗೇ ಇದ್ದೀತು. ಯಾವನಾದ್ರೂ ಒಬ್ಬ ಅಂಥ ದನೀಲಿ ಒಂದು ಮಾತು ಆಡಿದ್ರೆ ಸಾಕಿತ್ತು."

ಗೇಟಿನಾಚೆ ನಿಂತಿದ್ದ ಈರಭದ್ರ ಅಷ್ಟು ಹೊತ್ತಿಗೆ ಅಂಗಳಕ್ಕೆ ಬಂದಿದ್ದ. ಬಂದವನೇ ಅಮ್ಮನ ಮುಂದೆ ನೆಲಕ್ಕೆ ಹಣೆ ಹಚ್ಚಿದ. "ಅವ್ವಾ, ಆ ದನಿ ನಂದು. ಮೇಷ್ಟ್ರನ್ನ ಕೆಡವಿ ಓಡ್ದೋನು ನಾನೇ."

ಮೂಗಯ್ಯ ಮಾತಾಡುತ್ತಿದ್ದಾನೆ, ಅದೂ ಮಗಳ ದನಿಯಲ್ಲಿ. ಅಮ್ಮ ಅವನ ಬಾಯನ್ನೇ ನೋಡಿದಳು. ಆಮೇಲೆ ಅರ್ಥವಾಯಿತು. ಅವಳ ಕಣ್ಣಿನಲ್ಲಿ ಒಂದು ಕ್ಷಣ ಹೊಳೆದದ್ದು ಸಿಟ್ಟಲ್ಲ, ಆಸೆ. "ನಿಂದಾ?" ಎಂದಳು. ಕೈ ಮುಂದೆ ಮಾಡಿ ಅವನ ಗಂಟಲು ಮುಟ್ಟಿದಳು. ಅಲ್ಲಿ ಏನೂ ಉಳಿದಿಲ್ಲವೆಂದು ನೆನಪಾಗಿ ಕೈ ಹಿಂದೆಗೆದಳು.

ಇನ್ನೊಂದು ಹಿಡಿ ಬೇಳೆ ಆಯ್ದು ಮೊರಕ್ಕೆ ಹಾಕಿ ಹೇಳಿದಳು: "ಮಣ್ಣಲ್ಲಿ ಮುಖ ಕೊಟ್ಟು ಬಿದ್ದಿದ್ದೋರನ್ನ ಬಿಟ್ಟು ಓಡಿದ್ಯಲ್ಲಪ್ಪ. ಅದು ಮಹಾ ತಪ್ಪು. ನಿಂಗೆ ಒಳ್ಳೇದಾಗ್ಲಿ ಅಂತ ಹೇಳೋಕೆ ನನ್ನ ನಾಲಿಗೆ ಏಳಲ್ಲ. ಆದ್ರೆ ನೀನು ನಿಂತು ತಿರುಗಿಸಿದ್ರೆ ನನಗೆ ಆ ದಿನಗಳು ಸಿಕ್ತಿರಲಿಲ್ಲ. ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ? ಅದಕ್ಕೇ ಸುಮ್ನೆ ಏರಿ ಮೇಲೆ ತಿರುಗ್ತಿದ್ದೆ."

ತಗುಲಿದರೆ ನಿಲ್ಲು ಎಂದು ಊರಿಗೆಲ್ಲ ಪಾಠ ಹೇಳಿದ ಮನೆ ನಮ್ಮದು. ಆ ಮನೆಯ ಜಗಲಿಯ ಮೇಲೆ ಕೂತು ಅಮ್ಮ ಆ ಮಾತನ್ನು ಆಡಿದಳು.

ಅಂಗಳದಲ್ಲೇ ದನಿ ತಿರುಗಿಸಲು ಸೈಕಲ್ಲನ್ನು ನೆಟ್ಟಗೆ ಮಾಡಿದೆ. ಈರಭದ್ರ ಹಿಂದಕ್ಕೆ ಸರಿದ. "ನಂಗೆ ಬ್ಯಾಡ ಕಣವ್ವ. ಅದರ ಭಾರ ಹೊತ್ತು ಸಾಕಾಗದೆ. ನೀವೇ ಇಟ್ಕಳಿ, ನಾನು ಮೂಗನಾಗೇ ಇರ್ತೀನಿ" ಎಂದ. ನನ್ನ ದನಿ ತೆಗೆದುಕೊಂಡು ಮೂಗನಾಗಿರುತ್ತಾನಂತೆ, ಎಂಥ ಉಪಕಾರ!

"ತಗೋ" ಎಂದಳು ಅಮ್ಮ. ಆಗ ಮಾತ್ರ ಅವಳ ಮಾತಿನಲ್ಲಿ ಗಡಸು ಬಂತು. "ತಗೊಂಡು ಮಾತಾಡು. ಬಾಯಿ ಮುಚ್ಕೊಂಡು ಕೂತ್ರೆ ಆ ದನಿ ಏನು ಕಲೀತು? ಇಷ್ಟು ವರ್ಷ ಕೂಗೋದೊಂದೇ ಅದಕ್ಕೆ ಗೊತ್ತಿದ್ದದ್ದು. ನೀನು ತಪ್ಪಾಯ್ತು ಅನ್ನೋದನ್ನ ಅದಕ್ಕೆ ಕಲಿಸಿದ್ದೀಯ. ಉಳಿದದ್ದೂ ಕಲಿಸು."

ಚಕ್ರವನ್ನು ಅವನ ಕಾಲಿಗೆ ತಾಗಿಸಿದೆ. ನನ್ನ ಗಂಟಲು ಹಗುರಾಯಿತು. ಹೆಸರು ಹೇಳಿಕೊಂಡೆ, ನನ್ನದೇ ದನಿ. ಈರಭದ್ರ ಹೆಸರು ಹೇಳಲು ಬಾಯಿ ತೆರೆದು, ಅಮ್ಮನ ಕಡೆ ನೋಡಿ, ಹೇಳದೆ ಹೊರಟುಹೋದ.

ಆ ವಾರವೆಲ್ಲ ಅಮ್ಮ ಏರಿಗೆ ಹೋಗಲಿಲ್ಲ. ನಾನೂ ಕೇಳಲಿಲ್ಲ. ಕೇಳಲು ನನಗೆ ಮುಖವಿರಲಿಲ್ಲ. ಅತ್ತ ಏರಿಯ ಮೇಲೆ ಊರಿಗೆ ಊರೇ ಹೊಸ ವಿಷಯವೊಂದಕ್ಕೆ ಹೊಂದಿಕೊಳ್ಳುತ್ತಿತ್ತು. ಈರಭದ್ರ ತೂಬಿನ ಕಟ್ಟೆಯ ಮೇಲೆ ಕಡಲೆಕಾಯಿ ಕುಕ್ಕೆ ಇಟ್ಟುಕೊಂಡು, ಮೊದಲು ನಾಚಿ, ಆಮೇಲೆ ಧೈರ್ಯವಾಗಿ, ಬರುವ ಸೈಕಲ್ಲುಗಳಿಗೆ ಹೇಳತೊಡಗಿದ್ದ: "ಇಳೀರಪ್ಪ, ಇಳಿದು ತಳ್ಕೊಂಡು ಹೋಗಿ. ಮಕ್ಕಳು ಬರ್ತಾವೆ, ಒಸಿ ನೋಡ್ಕೊಂಡು." ಮೇಷ್ಟ್ರ ದನಿಯೇ. ಆದರೆ ಗುಡುಗಿದ್ದಲ್ಲ, ಕೇಳಿಕೊಂಡದ್ದು. ಮೊದಲ ದಿನ ಕೆಲವರಿಗೆ ಕಸಿವಿಸಿಯಾಯಿತು. ಬೈಗುಳವಿಲ್ಲದೆ ಇಳಿಯುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಯಾರೂ ಅವನನ್ನು ಹೊಡೆಯಲಿಲ್ಲ. ಕಡಲೆಕಾಯಿ ಮಾತ್ರ ಬೇಗ ಖಾಲಿಯಾಗತೊಡಗಿತು, ದನಿ ಕೇಳಲು ಬಂದವರು ಬರಿಗೈಯಲ್ಲಿ ಹೋಗುವುದುಂಟೆ?

ಮುಂದಿನ ಸಂತೆಯ ಸಂಜೆ ನಾನು ಅಂಗಡಿಯಿಂದ ಬರುವಾಗ ಮುಂದೆ ಅಮ್ಮ ಕಂಡಳು. ಸೊಪ್ಪಿನ ಚೀಲ ಹಿಡಿದುಕೊಂಡು ಜನರ ನಡುವೆ ಮೆಲ್ಲಗೆ ಹೋಗುತ್ತಿದ್ದಳು. ಯಾರ ಮಾತಿಗೂ ಕಿವಿಗೊಡುತ್ತಿರಲಿಲ್ಲ. ಅವಳ ನಡಿಗೆ ಎಲ್ಲ ಬಿಟ್ಟವಳ ಹಾಗೆ ಇತ್ತು. ನಾನು ದೂರದಿಂದ ಬೆಲ್ ಮಾಡಿದೆ. ಅವಳಿಗೆ ಕೇಳಿಸಲಿಲ್ಲ. ತೂಬು ಬಂತು. ನಾನು ಇಳಿದು ತಳ್ಳತೊಡಗಿದೆ. ನನ್ನ ಹಿಂದೆ ಏಳೆಂಟು ಸೈಕಲ್ಲುಗಳು ಸಾಲಾಗಿ ಬರುತ್ತಿದ್ದವು. ಅಮ್ಮ ನಡುದಾರಿಯಲ್ಲಿದ್ದಳು.

ಕಟ್ಟೆಯ ಮೇಲಿಂದ ಅಪ್ಪನ ದನಿ ಬಂತು. ಜೋರಾಗಿಲ್ಲ. ಒಂದು ಲೋಟ ನೀರು ಕೇಳುವಷ್ಟು ಮೆಲ್ಲಗೆ.

"ಪುಟ್ಟತಾಯಮ್ಮ, ಹಿಂದೆ ಸೈಕಲ್ ಬರ್ತಾ ಇದಾವೆ. ಒಸಿ ಎಡಕ್ಕೆ ಬನ್ನಿ."

ಅಮ್ಮ ಎಡಕ್ಕೆ ಬರಲಿಲ್ಲ. ನಟ್ಟನಡುವೆ ನಿಂತುಬಿಟ್ಟಳು. ಅವಳ ಕೈಯಿಂದ ಸೊಪ್ಪಿನ ಚೀಲ ಜಾರಿತು. ಆ ದೊಡ್ಡ ದನಿ ಅವಳ ಹೆಸರು ಹಿಡಿದದ್ದು ಅದೇ ಮೊದಲು. ನಾನು ನಿಂತೆ, ನನ್ನ ಹಿಂದಿನವರೆಲ್ಲ ನಿಂತರು. ತರಕಾರಿ ಗಾಡಿಯೂ ನಿಂತಿತು, ಎದುರಿನಿಂದ ಬರುತ್ತಿದ್ದವರೂ ನಿಂತರು. ಏರಿಯ ಮೇಲೆ ಯಾರೂ ಯಾರಿಗೂ ದಾರಿ ಕೇಳಲಿಲ್ಲ.

ಅಮ್ಮ ಮೆಲ್ಲಗೆ ಕೆರೆಯ ಕಡೆ ಮುಖ ತಿರುಗಿಸಿದಳು. ಅವಳ ಹೆಗಲು ಕುಲುಕುತ್ತಿತ್ತು. ಈ ಸಲ ಅದು ಏನೆಂದು ನನಗೆ ಗೊತ್ತಿತ್ತು. ನಾನು ಬೆಲ್ ಮಾಡಲಿಲ್ಲ.